ಕೆಪ್ಲರ್-444 ನೋಡಬೇಕಾ? ಮೊದಲು ಬಣ್ಣದ ಆಸೆ ಬಿಡಿ

ಕಾರವಾರದ ಬೀಚಿನಿಂದ ಕೆಪ್ಲರ್-444 ನಕ್ಷತ್ರದ ಕಿತ್ತಳೆ ಬಣ್ಣ ಕಾಣಲು ಯಾವ ಟೆಲಿಸ್ಕೋಪ್ ಕೊಳ್ಳಲಿ ಅಂತ ಕೇಳಿದ್ದೀರಿ. ನಾನೂ ಇದರ ಹಿಂದೆ ಬಿದ್ದವನೇ. ಸುಮಾರು 1,120 ಕೋಟಿ ವರ್ಷದ ನಕ್ಷತ್ರ, ಸೂರ್ಯನ ಎರಡು ಪಟ್ಟಿಗಿಂತ ಜಾಸ್ತಿ ವಯಸ್ಸು. ಸುತ್ತ ಐದು ಗ್ರಹ, ಎಲ್ಲವೂ ಭೂಮಿಗಿಂತ ಚಿಕ್ಕವು. 2015ರಲ್ಲಿ ಈ ಸುದ್ದಿ ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ಆಗ ಶಿರಸಿ ಹತ್ತಿರದ ಹಳ್ಳಿಯಲ್ಲಿದ್ದೆ. ಮನೆ ಸುತ್ತ ಅಡಿಕೆ ತೋಟ, ಆಕಾಶವೇ ಕಾಣದು. ಹಾಗಾಗಿ 7×50 (ಏಳು ಪಟ್ಟು ಹಿಗ್ಗಿಸುವ, 50 ಮಿ.ಮೀ. ಲೆನ್ಸಿನ) ಬೈನಾಕ್ಯುಲರ್ ಹಿಡಿದು ಗದ್ದೆ ಬಯಲಿಗೆ ಹೋಗುತ್ತಿದ್ದೆ. ಅಭಿಜಿತ್ (ವೇಗಾ) ನಕ್ಷತ್ರದ ಪೂರ್ವಕ್ಕೆ ಎರಡು ಚುಕ್ಕಿ ಅಕ್ಕಪಕ್ಕ ಕಂಡವು. ಒಂದು ತುಸು ನೀಲಿ, ಇನ್ನೊಂದು ಚೆಂದದ ಕಿತ್ತಳೆ. ಸಿಕ್ಕಿತು ಅಂದುಕೊಂಡೆ, ಅಕ್ಕಪಕ್ಕದ ಮನೆಯವರನ್ನೂ ಕರೆದು ತೋರಿಸಿದೆ.

ಅದು ಥೀಟಾ ಲೈರಾ. ಬೇರೆಯದೇ ನಕ್ಷತ್ರ.

ಎಡವಿದ್ದು ಎಲ್ಲಿ ಅಂದರೆ, ಕಿತ್ತಳೆ ಅಂತ ಓದಿ ಕಿತ್ತಳೆಯನ್ನೇ ಹುಡುಕಿದೆ, ಹೊಳಪಿನ ಅಂಕಿ ನೋಡಲಿಲ್ಲ. ಥೀಟಾದ್ದು 4.4, ಕೆಪ್ಲರ್-444ರದ್ದು 8.9. ಈ ಅಂಕಿ ಒಂದು ಏರಿದರೆ ಬೆಳಕು ಎರಡೂವರೆ ಪಟ್ಟು ಇಳಿಯುತ್ತದೆ. ಅಂದರೆ ಥೀಟಾ 60 ಪಟ್ಟು ಜಾಸ್ತಿ ಹೊಳೆಯುತ್ತದೆ. ಥೀಟಾದ ದೂರ ಕೆಪ್ಲರ್-444ಕ್ಕಿಂತ ಎಷ್ಟೋ ಹೆಚ್ಚು, ಆದರೆ ಅದು ದೈತ್ಯ ನಕ್ಷತ್ರ. ಕೆಪ್ಲರ್-444 ಸೂರ್ಯನ ಮುಕ್ಕಾಲು ಗಾತ್ರದ್ದು. ಅದಿರುವ ಜಾಗದಲ್ಲಿ, ಸುಮಾರು 120 ಜ್ಯೋತಿರ್ವರ್ಷದಾಚೆ, ಸೂರ್ಯನನ್ನೇ ಇಟ್ಟರೂ ಬರಿಗಣ್ಣಿಗೆ ಕಾಣುವುದಿಲ್ಲ! ಅಷ್ಟು ಮಂದ ಬೆಳಕಿಗೆ ನಮ್ಮ ಕಣ್ಣು ಬಣ್ಣವನ್ನೇ ಹಿಡಿಯುವುದಿಲ್ಲ. ನಿಜವಾದ ನಕ್ಷತ್ರ ಅದೇ ನೋಟದ ಅಂಚಿನಲ್ಲಿ ಬೂದು ಚುಕ್ಕಿಯಾಗಿ ಇತ್ತು, ನಾನು ದಾಟಿ ಹೋಗುತ್ತಿದ್ದೆ. ಇದು ಗೊತ್ತಾಗುವಷ್ಟರಲ್ಲಿ ಅದು ಪಶ್ಚಿಮಕ್ಕೆ ಇಳಿದಿತ್ತು. ಒಂದು ವರ್ಷ ಹೋಯಿತು.

ಹಾಗಾಗಿ ಬಣ್ಣಕ್ಕೋಸ್ಕರ ದುಡ್ಡು ಹಾಕಬೇಡಿ. ಅದರ ಮೇಲ್ಮೈ ಶಾಖ ಸುಮಾರು 5,000 ಕೆಲ್ವಿನ್, ಸೂರ್ಯನಿಗಿಂತ 700 ಕಡಿಮೆ ಅಷ್ಟೆ. ದೊಡ್ಡ ಟೆಲಿಸ್ಕೋಪಿನಲ್ಲೂ ತೆಳು ಹಳದಿ ಛಾಯೆ ಕಂಡರೆ ಹೆಚ್ಚು.

ಬೀಚೂ ಬೇಡ. ನಿಮಗೆ ಬೇಕಾದದ್ದು ಕತ್ತಲ ಆಕಾಶ, ಬೀಚಿನ ಪಕ್ಕದಲ್ಲೇ ಊರಿನ ದೀಪ ಇದೆ. ಕಡಲ ಗಾಳಿಯ ತೇವ ಬೇರೆ ಲೆನ್ಸ್ ಮೇಲೆ ಕೂರುತ್ತದೆ. ಘಟ್ಟ ಹತ್ತಿ ಬನ್ನಿ. ಮಳೆ ಬಿಟ್ಟ ಮೇಲೆ, ಅಕ್ಟೋಬರ್ ಕೊನೆಯ ಹೊತ್ತಿಗೆ, ಅಮಾವಾಸ್ಯೆ ಆಸುಪಾಸು, ಸಂಜೆ ಏಳೂವರೆಗೆ. ಅಭಿಜಿತ್‌ನಿಂದ ಡೆನೆಬ್ ನಕ್ಷತ್ರದವರೆಗೆ ಮನಸ್ಸಿನಲ್ಲೇ ಗೆರೆ ಎಳೆದು, ಮೂರರಲ್ಲಿ ಒಂದು ಪಾಲು ದಾಟಿದ ಕಡೆ ನಿಲ್ಲಿ. ಅಲ್ಲಿಂದ ಮುಂದೆ ಸ್ಟೆಲೇರಿಯಂ ಎಂಬ ಆಕಾಶ ತೋರಿಸುವ ಆ್ಯಪಿನ ನಕ್ಷೆ ಇಟ್ಟುಕೊಂಡು ಚುಕ್ಕಿ ಚುಕ್ಕಿ ಹೋಲಿಸಿ. ಬೈನಾಕ್ಯುಲರನ್ನು ಬೇಲಿ ಗೂಟಕ್ಕೆ ಆನಿಸಿ, ನೇರ ನೋಡದೆ ತುಸು ಪಕ್ಕಕ್ಕೆ ನೋಡಿ. ಕಿತ್ತಳೆ ನೋಡಲೇಬೇಕು ಅಂದ್ರೆ ಥೀಟಾ ಲೈರಾ ಅಲ್ಲೇ ಇದೆ ಅಲ್ವಾ, ಅದನ್ನೂ ನೋಡಿ.