ಶಿರಾಯಿಶಿ ಕುಸಿದಿದ್ದು ಅತಿಯಲ್ಲ

ಹೆಲಿಕಾಪ್ಟರ್‌ನಲ್ಲಿ ಹೋಗಿ ಚಿಕಿತ್ಸೆ ಕೊಡುವ ವೈದ್ಯರ ಕಥೆಯಿರುವ ಜಪಾನಿ ಟಿವಿ ಧಾರಾವಾಹಿ ‘ಕೋಡ್ ಬ್ಲೂ’ದ 2008ರ ಮೊದಲ ಸೀಸನ್‌ನಲ್ಲಿ ತರಬೇತಿಯಲ್ಲಿರುವ ವೈದ್ಯೆ ಶಿರಾಯಿಶಿ ಅಷ್ಟೊಂದು ಕುಸಿಯುವುದು ಜಾಸ್ತಿಯಾಗಲಿಲ್ವಾ ಎಂದು ಕೇಳಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಅಪಘಾತದ ಜಾಗದಲ್ಲಿ ಅವಳನ್ನು ಉಳಿಸಲು ಹೋಗಿ ಅವಳಿಗೆ ಕಲಿಸುವ ಹಿರಿಯ ಸರ್ಜನ್ ಕುರೋದಾ ಅವರ ಕೈ ಸಿಕ್ಕಿಕೊಳ್ಳುತ್ತದೆ. ಅಲ್ಲೇ ಕತ್ತರಿಸಬೇಕಾಗುತ್ತದೆ. ಅದು ಸರ್ಜನ್‌ನ ಕೈ, ಕಲಿಸಿಕೊಟ್ಟ ಕೈ! ಆ ಭಾರ ಹೊತ್ತುಕೊಂಡೇ ಮತ್ತೆ ಹೆಲಿಕಾಪ್ಟರ್ ಹತ್ತಬೇಕು. ಇಪ್ಪತ್ತರ ಹರೆಯದ ಹುಡುಗಿ ಸುಮ್ನೆ ತಡೆದುಕೊಳ್ಳುವ ಮಾತಾ ಅದು?

ಎರಡನೇ ಸೀಸನ್ (2010) ಬಿಡಬೇಡಿ. ಅದರಲ್ಲಿ ಶಿರಾಯಿಶಿಯ ಜೊತೆಗಾತಿ ವೈದ್ಯೆ ಹಿಯಾಮಾ, ಮೆದುಳು ಸತ್ತ ಮಗುವಿನ ತಾಯಿಯ ಬಾಯಿಮಾತು ನಂಬಿ ವೆಂಟಿಲೇಟರ್ ತೆಗೆಯುತ್ತಾಳೆ. ಸಹಿ ಮಾಡಿಸಿಕೊಂಡಿರುವುದಿಲ್ಲ. ಆ ತಾಯಿಯ ಮೇಲಿನ ಕನಿಕರವೇ ಅವಳನ್ನು ತೊಂದರೆಗೆ ಸಿಕ್ಕಿಸುತ್ತದೆ. ನನ್ನನ್ನು ಜಾಸ್ತಿ ಕಾಡಿದ್ದು ಅದೇ.