ಬ್ಯಾಕ್ಟೀರಿಯಾ ಪೊರೆಯ ಲಿಪಿಡ್ ರಚನೆ ತಿಳಿಯಲು ಮಾಸ್ ಸ್ಪೆಕ್ಟ್ರೋಮೀಟರ್ ಒಂದೇ ಸಾಕೇ?

ಇ. ಕೋಲೈ ಬ್ಯಾಕ್ಟೀರಿಯಾದ ಪೊರೆಯ ಲಿಪಿಡ್ (ಕೊಬ್ಬಿನಂಥ ಅಣುಗಳು) ತೆಗೆದು, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕಿದ್ದೀರಿ, ತೂಕ ಸಿಕ್ಕಿದೆ, ಇನ್ನು ಅಣುವಿನ ರಚನೆ ಬರೆದುಬಿಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬರೆಯಬೇಡಿ. ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ನಾನು ಹಾಗೆ ಬರೆದು ತಪ್ಪು ಮಾಡಿದ್ದೆ.

ಇ. ಕೋಲೈ ಪೊರೆಯ ಫಾಸ್ಫೋಲಿಪಿಡ್‌ಗಳಲ್ಲಿ (ಫಾಸ್ಫೇಟ್ ಇರುವ ಲಿಪಿಡ್‌ಗಳು) ಸುಮಾರು ಮುಕ್ಕಾಲು ಪಾಲು ಫಾಸ್ಫಟಿಡಿಲ್ ಎಥನೋಲಮೈನ್. ನಾನು ರಾತ್ರಿಯಿಡೀ ಬೆಳೆಸಿದ ಕಲ್ಚರ್ ತೆಗೆದುಕೊಂಡು, ಬ್ಲೈ ಮತ್ತು ಡಯರ್ 1959ರಲ್ಲಿ ಹೇಳಿಕೊಟ್ಟ ಕ್ಲೋರೋಫಾರ್ಮ್-ಮೆಥನಾಲ್ ವಿಧಾನದಲ್ಲಿ ಲಿಪಿಡ್ ಬೇರ್ಪಡಿಸಿದ್ದೆ. ನೆಗೆಟಿವ್ ಮೋಡ್‌ನಲ್ಲಿ (ಋಣ ವಿದ್ಯುದಂಶದ ಅಯಾನುಗಳನ್ನು ಅಳೆಯುವ ಕ್ರಮ) 702.5ರ ಬಳಿ ಎತ್ತರದ ಪೀಕ್ ಬಂತು. ಆ ಅಣುವನ್ನು ಯಂತ್ರದೊಳಗೇ ಒಡೆದಾಗ ಅದರ ಎರಡು ಕೊಬ್ಬಿನಾಮ್ಲ ಸರಪಳಿಗಳು ಸಿಕ್ಕಿದವು: 255 ಮತ್ತು 267. 255 ಅಂದರೆ 16 ಕಾರ್ಬನ್ನಿನ ಪಾಲ್ಮಿಟಿಕ್ ಆಮ್ಲ. 267 ಅಂದರೆ 17 ಕಾರ್ಬನ್, ದ್ವಿಬಂಧವಿಲ್ಲದ ನೇರ ಸರಪಳಿಗಿಂತ ಎರಡು ಹೈಡ್ರೋಜನ್ ಕಮ್ಮಿ. ಕಮ್ಮಿ ಇದೆಯಲ್ಲ, ದ್ವಿಬಂಧವೇ ಇರಬೇಕು ಅಂತ ಬರೆದುಕೊಟ್ಟೆ.

ಗೈಡ್ ಮೇಡಂ ಓದಿ ಒಂದೇ ಪ್ರಶ್ನೆ ಕೇಳಿದರು: "ಇ. ಕೋಲೈ ಎರಡೆರಡು ಕಾರ್ಬನ್ ಜೋಡಿಸಿಕೊಂಡು ಸರಪಳಿ ಕಟ್ಟುತ್ತದಲ್ಲಮ್ಮ, ಈ ಹದಿನೇಳನೆಯದು ಎಲ್ಲಿಂದ ಬಂತು?"

ಆ ಹದಿನೇಳನೆಯ ಕಾರ್ಬನ್ ಕಥೆ ನನಗೆ ಇವತ್ತಿಗೂ ಬೆರಗು. ಬೆಳವಣಿಗೆ ನಿಲ್ಲುವ ಹೊತ್ತಿಗೆ ಬ್ಯಾಕ್ಟೀರಿಯಾ ಹೊಸ ಸರಪಳಿ ಕಟ್ಟುತ್ತಾ ಕೂರುವುದಿಲ್ಲ, ಪೊರೆಯಲ್ಲಿ ಆಗಲೇ ಇರುವುದನ್ನೇ ತಿದ್ದುತ್ತದೆ. 16 ಕಾರ್ಬನ್ನಿನ ಸರಪಳಿಯ ದ್ವಿಬಂಧದ ಮೇಲೆ, ಎಸ್-ಅಡಿನೋಸಿಲ್ ಮೆಥಿಯೋನಿನ್ ಎಂಬ ಕಾರ್ಬನ್ ದಾನಿ ಅಣುವಿನಿಂದ ಪಡೆದ ಒಂದು ಕಾರ್ಬನ್ ಕೂರಿಸುತ್ತದೆ. ದ್ವಿಬಂಧ ಹೋಗಿ ಮೂರು ಕಾರ್ಬನ್ನಿನ ಪುಟ್ಟ ಉಂಗುರವಾಗುತ್ತದೆ, ಸೈಕ್ಲೋಪ್ರೊಪೇನ್. 17 ಕಾರ್ಬನ್ನಿಗೆ ಒಂದು ಉಂಗುರ, 17 ಕಾರ್ಬನ್ನಿಗೆ ಒಂದು ದ್ವಿಬಂಧ: ಎರಡಕ್ಕೂ ಅಣುಸೂತ್ರ ಒಂದೇ, ತೂಕವೂ ಒಂದೇ. ಯಂತ್ರ ಎಷ್ಟೇ ದುಬಾರಿಯದಾದರೂ ಬರೀ ತೂಕ ನೋಡಿ ಇವೆರಡನ್ನು ಬೇರೆ ಮಾಡಲಾರದು.

ನನ್ನ ಅನುಮಾನ ತೀರಿಸಿದ್ದು ಪ್ರೋಟಾನ್ ಎನ್‌ಎಂಆರ್, ಅಂದರೆ ಅಣುವಿನ ಹೈಡ್ರೋಜನ್‌ಗಳು ಎಂಥ ಜಾಗದಲ್ಲಿವೆ ಎಂದು ಕಾಂತಕ್ಷೇತ್ರದಲ್ಲಿಟ್ಟು ನೋಡುವ ವಿಧಾನ. ಉಂಗುರದ ಒಂದು ಹೈಡ್ರೋಜನ್ ಸೊನ್ನೆಯ ಗುರುತನ್ನೂ ದಾಟಿ −0.3 ಪಿಪಿಎಂ (ಎನ್‌ಎಂಆರ್ ಅಳತೆಪಟ್ಟಿಯ ಮಾನ) ಹತ್ತಿರ ಕಾಣಿಸುತ್ತದೆ. ಆ ಜಾಗದಲ್ಲಿ ಬೇರೆ ಗಲಾಟೆ ಇರುವುದೇ ಅಪರೂಪ, ಹಾಗಾಗಿ ಸಣ್ಣ ಪೀಕ್ ಆದರೂ ಕಣ್ಣಿಗೆ ಬೀಳುತ್ತದೆ.

ಒಡೆದಾಗ 281ರ ಚೂರು ಸಿಕ್ಕರೆ ಅದರ ವಿಷಯದಲ್ಲೂ ಹುಷಾರು. 18 ಕಾರ್ಬನ್, ಒಂದು ದ್ವಿಬಂಧ ಎಂದ ತಕ್ಷಣ ಓಲಿಯಿಕ್ ಆಮ್ಲ ಅನ್ನಬೇಡಿ. ಇ. ಕೋಲೈ ಮಾಡುವುದು ಸಿಸ್-ವ್ಯಾಕ್ಸೆನಿಕ್, ದ್ವಿಬಂಧ ಓಲಿಯಿಕ್‌ನಂತೆ 9ನೇ ಕಾರ್ಬನ್ನಿನಲ್ಲಲ್ಲ, 11ರಲ್ಲಿ. ಕ್ಲೋರೋಫಾರ್ಮ್ ಮುಟ್ಟುವ ಕಡೆಯೆಲ್ಲ ಗಾಜು ಬಳಸಿ, ಪ್ಲಾಸ್ಟಿಕ್ ಟ್ಯೂಬಿನಿಂದ ಥ್ಯಾಲೇಟ್ (ಪ್ಲಾಸ್ಟಿಕ್ ಮೆದುಗೊಳಿಸುವ ರಾಸಾಯನಿಕ) ಇಳಿದು ಸ್ಯಾಂಪಲ್ ಕೆಡುತ್ತದೆ.

ಎನ್‌ಎಂಆರ್ ಸಿಗದಿದ್ದರೆ ಖರ್ಚಿಲ್ಲದ ಒಂದು ದಾರಿ ಇದೆ. ಅದೇ ತಳಿಯನ್ನು ಮತ್ತೆ ಬೆಳೆಸಿ, ಇನ್ನೂ ಚುರುಕಾಗಿ ಬೆಳೆಯುತ್ತಿರುವಾಗಲೇ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಲಿಪಿಡ್ ತೆಗೆಯಿರಿ. ಮೊದಲನೆಯದರಲ್ಲಿ 688.5 (ಆ ಹೆಚ್ಚಿನ ಕಾರ್ಬನ್ ಇನ್ನೂ ಕೂರದ ಅದೇ ಲಿಪಿಡ್) ಜೋರಾಗಿದ್ದು, ಎರಡನೆಯದರಲ್ಲಿ ಅದು ತಗ್ಗಿ 702.5 ಏರಿದ್ದರೆ ಉಂಗುರವೆಂದು ಬಲವಾಗಿ ಶಂಕಿಸಬಹುದು. ನಿಮ್ಮ ಕಲ್ಚರ್ ಎಷ್ಟು ಗಂಟೆಯದು ಅಂತ ಪ್ರಶ್ನೆಯಲ್ಲಿ ಬರೆದಿಲ್ಲ, ಅದನ್ನು ತಿಳಿಸಿ.