ಹನಿ ನೀರಾವರಿಯ ಗೊಬ್ಬರ ಕೊನೆಯ ಸಾಲಿಗೆ ತಲುಪದಿದ್ದರೆ

ಪ್ರಶ್ನೆ: ಒಂದು ಎಕರೆಯಲ್ಲಿ, ನಾಲ್ಕು ಅಡಿಗೊಂದು ಸಾಲಿನಂತೆ ಟೊಮೆಟೊ ನಾಟಿ ಮಾಡಿದ್ದೇನೆ. ಕೊಳವೆಬಾವಿಯ ನೀರಿನೊಂದಿಗೆ ಗೊಬ್ಬರ ಹೀರಿ ಪೈಪಿಗೆ ಸೇರಿಸುವ ವೆಂಚುರಿಯ ಮೂಲಕ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಮತ್ತು ಕ್ಯಾಲ್ಸಿಯಂ ನೈಟ್ರೇಟನ್ನು ಒಟ್ಟಿಗೆ ಕೊಡುತ್ತಿದ್ದೇನೆ. ಆದರೂ ಕೊನೆಯ ಸಾಲುಗಳ ಗಿಡಗಳು ಹಳದಿಯಾಗಿವೆ. ಕೆಲವು ಕಾಯಿಗಳ ತಳ ಕಪ್ಪಾಗಿ ಕೊಳೆಯುತ್ತಿದೆ. ಗೊಬ್ಬರವನ್ನು ಹೆಚ್ಚಿಸಬೇಕೆ?
– ಓದುಗರೊಬ್ಬರು, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಈಗಲೇ ಬೇಡ. ನೀರು ಹೋಗದ ಕಡೆ ಗೊಬ್ಬರವೂ ಹೋಗುವುದಿಲ್ಲವಾದ್ದರಿಂದ ಮೊದಲು ನೀರನ್ನು ಅಳೆಯಿರಿ. ಮೊದಲ ಸಾಲಿನಲ್ಲೊಂದು, ಕೊನೆಯ ಸಾಲಿನ ತುದಿಯಲ್ಲೊಂದು ಡ್ರಿಪ್ಪರಿನ ಕೆಳಗೆ ಸಣ್ಣ ಗುಂಡಿ ತೋಡಿ, ಡಬ್ಬಿ ಇಟ್ಟು ಅರ್ಧ ಗಂಟೆ ನೀರು ಬಿಡಿ. ಗಂಟೆಗೆ 2 ಲೀಟರಿನ ಡ್ರಿಪ್ಪರಾದರೆ ಎರಡರಲ್ಲೂ ಸುಮಾರು 1 ಲೀಟರ್ ಇರಬೇಕು. ಕೊನೆಯ ಡಬ್ಬಿಯಲ್ಲಿ ಅರ್ಧವೇ ಇದ್ದರೆ ಅಲ್ಲಿನ ಗಿಡಗಳಿಗೆ ಗೊಬ್ಬರವೂ ಅರ್ಧವೇ ಸಿಕ್ಕಿದೆ ಎಂದರ್ಥ.

ಕೊರತೆಗೆ ಎರಡು ಕಾರಣಗಳಿರಬಹುದು. ನಾಲ್ಕು ಅಡಿ ಸಾಲಿನಲ್ಲಿ 40 ಸೆಂ.ಮೀ.ಗೊಂದು ಡ್ರಿಪ್ಪರ್ ಇದ್ದರೆ ಎಕರೆಗೆ ಎಂಟು ಸಾವಿರಕ್ಕೂ ಹೆಚ್ಚು ಡ್ರಿಪ್ಪರುಗಳಾಗುತ್ತವೆ. ಅಷ್ಟನ್ನೂ ಒಮ್ಮೆಲೇ ತೆರೆದರೆ ಗಂಟೆಗೆ ಹದಿನಾರು ಸಾವಿರ ಲೀಟರಿಗಿಂತ ಹೆಚ್ಚು ನೀರು ಬೇಕು. ನಿಮ್ಮ ಕೊಳವೆಬಾವಿ ಅಷ್ಟು ಕೊಡದಿದ್ದರೆ ಹೊಲವನ್ನು ಎರಡು ಮೂರು ಭಾಗ ಮಾಡಿ, ಗೇಟ್ ವಾಲ್ವ್ ಬದಲಿಸುತ್ತಾ ಸರದಿಯಲ್ಲಿ ನೀರು ಬಿಡುವುದೇ ಸರಿ. ಒತ್ತಡ ಕಡಿಮೆಯಾದರೆ ವೆಂಚುರಿಯೂ ಸರಿಯಾಗಿ ಹೀರುವುದಿಲ್ಲ.

ಎರಡನೆಯದು ನೀವೇ ಬರೆದಿರುವ ಮಾತಿನಲ್ಲಿದೆ. 19:19:19ರಲ್ಲಿರುವ ರಂಜಕವು ಕ್ಯಾಲ್ಸಿಯಂ ಜೊತೆ ಒಂದೇ ಬಕೆಟ್ಟಿನಲ್ಲಿ ಸೇರಿದರೆ ಕರಗದ ಬಿಳಿ ಗಸಿಯಾಗುತ್ತದೆ. ಗಾಜಿನ ಲೋಟದಲ್ಲಿ ಎರಡನ್ನೂ ಒಂದೊಂದು ಚಮಚ ಕಲಸಿ ಹತ್ತು ನಿಮಿಷ ಬಿಟ್ಟು ನೋಡಿ. ತಳದಲ್ಲಿ ಕೂರುವ ಆ ಸುಣ್ಣದಂಥ ಪುಡಿಯೇ ಡ್ರಿಪ್ಪರಿನ ಕಿರಿದಾದ ದಾರಿಯಲ್ಲೂ ಕೂರುತ್ತದೆ. ಸಲ್ಫೇಟ್ ಗೊಬ್ಬರಗಳೊಡನೆಯೂ ಇದೇ ಪಾಡು. ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ದಿನ, ಅದೊಂದನ್ನೇ ಕೊಡಿ. ಮೊದಲು ಬರೀ ನೀರು ಬಿಟ್ಟು, ಎಲ್ಲ ಸಾಲಿನಲ್ಲೂ ಹನಿ ಬೀಳತೊಡಗಿದ ಮೇಲೆ ಗೊಬ್ಬರ ಸೇರಿಸಿ, ಕೊನೆಗೆ ಹತ್ತು ಹದಿನೈದು ನಿಮಿಷ ಮತ್ತೆ ಬರೀ ನೀರಿನಿಂದ ಪೈಪು ತೊಳೆಯಿರಿ.

ಕಾಯಿಯ ತಳ ಕೊಳೆಯುವುದು ಕಾಯಿಗೆ ಸುಣ್ಣಾಂಶ (ಕ್ಯಾಲ್ಸಿಯಂ) ಸಾಲದೆ. ಮಣ್ಣಿನಲ್ಲಿ ಸುಣ್ಣಾಂಶವಿದ್ದರೂ, ಮೂರು ದಿನ ಒಣಗಿಸಿ ನಾಲ್ಕನೆಯ ದಿನ ತೊಯ್ಯಿಸಿದರೆ ಅದು ಕಾಯಿಯವರೆಗೆ ಹೋಗುವುದಿಲ್ಲ. ತ್ರೀ ಫೇಸ್ ವಿದ್ಯುತ್ತು ಬಂದ ಹೊತ್ತಿಗೆ ಒಟ್ಟಿಗೆ ಹರಿಸಿಬಿಡುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ಬಿಟ್ಟು ದಿನವೂ ಸ್ವಲ್ಪ ಸ್ವಲ್ಪ ಕೊಡಿ.

ಈಗಾಗಲೇ ಕಟ್ಟಿಕೊಂಡಿರುವ ಡ್ರಿಪ್ಪರುಗಳಿಗೆ ಹೈಡ್ರೋಕ್ಲೋರಿಕ್ ಆಮ್ಲದ ಉಪಚಾರ ಮಾಡಬಹುದು. ಕೊನೆಯ ಡ್ರಿಪ್ಪರಿನ ನೀರು ಪಿಎಚ್ ಕಾಗದದಲ್ಲಿ ಪಿಎಚ್ (ಆಮ್ಲೀಯತೆಯ ಅಳತೆ) 4ರ ಹತ್ತಿರ ತೋರಿಸುವಷ್ಟು ಆಮ್ಲ ಬಿಟ್ಟು, ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಪೈಪಿನ ತುದಿಗಳನ್ನು ಬಿಚ್ಚಿ ತೊಳೆಯಿರಿ. ಆಮ್ಲವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕೆ ಎಂದೂ ಸುರಿಯಬಾರದು. ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಪ್ರಶ್ನೆ: ನೀರಿನಲ್ಲಿ ಕರಗುವ ಗೊಬ್ಬರದ ಬೆಲೆ ವಿಪರೀತ. ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ನೆನೆಸಿ ಬಸಿದ ನೀರನ್ನು ಡ್ರಿಪ್‌ನಲ್ಲಿ ಬಿಡಬಹುದೇ?
– ಇನ್ನೊಬ್ಬ ಓದುಗರು, ಚಿಂತಾಮಣಿ

ಉತ್ತರ: ಬಟ್ಟೆಯಲ್ಲಿ ಎಷ್ಟೇ ಸೋಸಿದರೂ ಡಿಎಪಿಯ ಸಣ್ಣ ಗಸಿ ಉಳಿಯುತ್ತದೆ; ಉಳಿಸಿದ ಹಣ ಪೈಪು ಬದಲಿಸಲು ಹೋಗುತ್ತದೆ. ರಂಜಕವನ್ನು ನಾಟಿಗೆ ಮುಂಚೆಯೇ ಸೂಪರ್ ಫಾಸ್ಫೇಟ್ ರೂಪದಲ್ಲಿ, ಕೊಟ್ಟಿಗೆ ಗೊಬ್ಬರದ ಜೊತೆ ಮಣ್ಣಿಗೆ ಸೇರಿಸಿ. ಯೂರಿಯಾ ಮತ್ತು ಬಿಳಿ ಪೊಟ್ಯಾಷ್ ಚೆನ್ನಾಗಿ ಕರಗುವುದರಿಂದ ಅವನ್ನು ಡ್ರಿಪ್‌ನಲ್ಲಿ ನಿಶ್ಚಿಂತೆಯಿಂದ ಬಳಸಬಹುದು. ಆದರೆ ನಿಮ್ಮ ನೀರು ಈಗಾಗಲೇ ಉಪ್ಪಾಗಿದ್ದರೆ, ಕ್ಲೋರೈಡ್ ಇರುವ ಆ ಪೊಟ್ಯಾಷ್ ಬಿಟ್ಟು, ದುಬಾರಿಯಾದರೂ 0:0:50 (ಪೊಟ್ಯಾಷಿಯಂ ಸಲ್ಫೇಟ್) ಕೊಡುವುದು ಲೇಸು.